ಗಾಯಗೊಂಡ ಕಾವಲು ನಾಯಿ: ಮತ್ತೆ ಹೊಲಕ್ಕೋ, ಮನೆಯಂಗಳಕ್ಕೋ?

ತಾಳವಾಡಿ ಬೆಟ್ಟದ ಮೇಲೆ ಬೇಸಾಯ ಮಾಡುವ ಕುಟುಂಬಗಳಿಗೆ ನಾಯಿ ಸಾಕುವುದು ಶೋಕಿಯ ಮಾತಲ್ಲ. 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಸತ್ಯಮಂಗಲದ ಕಾಡಿಗೆ ನಮ್ಮ ಹೊಲಗಳು ಒತ್ತಿಕೊಂಡಿವೆ. ಮೆಕ್ಕೆಜೋಳ ಹಾಲುಗಟ್ಟುವ ಹೊತ್ತಿಗೆ ಕಾಡುಹಂದಿ ಇಳಿಯುತ್ತದೆ. ಬಾಳೆ, ಕಬ್ಬಿಗೆ ಆನೆ ಬರುತ್ತದೆ. ಕೊಟ್ಟಿಗೆಯ ಆಡು, ಕರುಗಳಿಗೆ ಚಿರತೆ ಹೊಂಚು ಹಾಕುತ್ತದೆ. ಅಟ್ಟಣೆಯ ಮೇಲೆ ಕಂಬಳಿ ಹೊದ್ದು ಕುಳಿತವನ ಕಣ್ಣು ನಡುರಾತ್ರಿ ಮುಚ್ಚಿಹೋದರೂ ಕೆಳಗೆ ಮಲಗಿದ ನಾಯಿಯ ಕಿವಿ ಎಚ್ಚರವಾಗಿರುತ್ತದೆ. ಅದರ ಒಂದು ಬೊಗಳಿಗೆ ಎಷ್ಟೋ ಸಲ ಒಂದು ಬೆಳೆ ಉಳಿದಿದೆ, ಒಂದು ಜೀವವೂ ಉಳಿದಿದೆ.

ಹೀಗೆ ದುಡಿಯುವ ನಾಯಿಗೆ ಪೆಟ್ಟು ತಪ್ಪಿದ್ದಲ್ಲ. ಹಂದಿಯ ಕೋರೆ ತಗಲುತ್ತದೆ, ಬೇಲಿಯ ತಂತಿ ಕೊಯ್ಯುತ್ತದೆ, ಯಾರೋ ಕದ್ದು ಹಾಕಿದ ಉರುಳಿಗೆ ಕಾಲು ಸಿಕ್ಕುತ್ತದೆ, ರಸ್ತೆಯಲ್ಲಿ ಬೈಕು ಗುದ್ದುತ್ತದೆ. ಹಂದಿಗೆಂದು ಇಟ್ಟ ಸಿಡಿಮದ್ದನ್ನು ತಿನಿಸೆಂದು ಕಚ್ಚಿ ದವಡೆ ಒಡೆದುಕೊಳ್ಳುವ ನಾಯಿಗಳೂ ಇವೆ. ಆಗ ಮನೆಯವರ ಮುಂದೆ ಒಂದು ಪ್ರಶ್ನೆ ಬರುತ್ತದೆ. ಈ ನಾಯಿಯನ್ನು ಇನ್ನು ಹೊಲಕ್ಕೆ ಕರೆದೊಯ್ಯಬಹುದೇ? ಅಥವಾ ಅದರ ದುಡಿಮೆ ಇಲ್ಲಿಗೆ ಮುಗಿಯಿತೇ? ಈ ಸಂಚಿಕೆಯಲ್ಲಿ ಈ ವಿಷಯವನ್ನು ನಮ್ಮ ರೈತ ಬಂಧುಗಳ ಜೊತೆ ವಿಚಾರ ಮಾಡೋಣ.

ಪ್ರಶ್ನೆ ಒಂದಲ್ಲ, ಎರಡು

ಸಾಮಾನ್ಯವಾಗಿ ನಾವು ಎರಡು ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿಗೆ ಕಟ್ಟುತ್ತೇವೆ. "ಈ ಬೆಳೆಗೆ ನಾಯಿ ಸಿಗುತ್ತದೆಯೇ?" ಎಂಬುದು ಒಂದು. "ಈ ನಾಯಿ ಇನ್ನು ಎಂದಾದರೂ ಕಾವಲಿಗೆ ಬರುತ್ತದೆಯೇ?" ಎಂಬುದು ಇನ್ನೊಂದು. ಮೊದಲನೆಯದಕ್ಕೆ ಗಾಯವಾದ ವಾರದಲ್ಲೇ ಉತ್ತರ ಹೇಳಬಹುದು. ಎರಡನೆಯದಕ್ಕೆ ತಿಂಗಳುಗಳು ಬೇಕು.

ಲೆಕ್ಕ ಸರಳವಾಗಿದೆ. ಮೆಕ್ಕೆಜೋಳದ ತೆನೆ ಹಾಲುಗಟ್ಟಿದ ದಿನದಿಂದ ಕೊಯ್ಲಿನವರೆಗೆ ಹೆಚ್ಚು ಕಡಿಮೆ 5ರಿಂದ 6 ವಾರ. ಕಾವಲು ಬಿಗಿಯಾಗಿರಬೇಕಾದ ಕಾಲ ಇದೇ, ನಾಯಿಗೆ ಪೆಟ್ಟಾಗುವುದೂ ಬಹುಮಟ್ಟಿಗೆ ಇದೇ ಕಾಲದಲ್ಲಿ. ಬೆಳೆದ ನಾಯಿಯ ಮುರಿದ ಮೂಳೆ ಕೂಡಿಕೊಳ್ಳಲು 8ರಿಂದ 12 ವಾರ ಬೇಕು. ಅಂದರೆ ಮೂಳೆ ಕೂಡುವುದರೊಳಗೆ ಬೆಳೆ ಕೊಯ್ದಾಗಿರುತ್ತದೆ. ಈ ಎರಡು ಲೆಕ್ಕ ಎಂದಿಗೂ ಸೇರುವುದಿಲ್ಲ. ಆದ್ದರಿಂದ ಮೂಳೆ, ಕೀಲು ಅಥವಾ ಆಳವಾದ ಮಾಂಸಖಂಡಕ್ಕೆ ಪೆಟ್ಟಾಗಿದ್ದರೆ ಅಂದೇ ತೀರ್ಮಾನ ಮಾಡಿಬಿಡುವುದು ಒಳ್ಳೆಯದು: ಈ ಬೆಳೆಗೆ ಈ ನಾಯಿ ಇಲ್ಲ. ಕಾವಲಿಗೆ ಬೇರೆ ದಾರಿ ನೋಡಬೇಕು. ಅಕ್ಕಪಕ್ಕದ ಹೊಲದವರು ಸೇರಿ ಸರದಿ ಕಾವಲು ಹಾಕಿಕೊಳ್ಳಬಹುದು. ನೆಂಟರ ಮನೆಯ ನಾಯಿಯನ್ನು ಕೊಯ್ಲಿನವರೆಗೆ ತರಬಹುದು.

ಹೀಗೆ ಮೊದಲೇ ಹೇಳಿಕೊಳ್ಳದಿದ್ದರೆ ಆಗುವುದೇನು? ಹದಿನೈದು ದಿನ ಕಳೆಯುತ್ತದೆ, ಪಟ್ಟಿ ಬಿಚ್ಚುತ್ತಾರೆ. ಒಂದು ರಾತ್ರಿ ಹಂದಿ ಹಿಂಡು ಬಂದು ಅರ್ಧ ಎಕರೆ ಉರುಳಿಸುತ್ತದೆ. ಆ ಸಂಕಟದಲ್ಲಿ ಮರುದಿನ ರಾತ್ರಿ ನಾಯಿಯ ಹಗ್ಗ ಬಿಚ್ಚುತ್ತೇವೆ. ಅರ್ಧ ಕೂಡಿದ ಕಾಲು ಮತ್ತೆ ಮುರಿಯುತ್ತದೆ. ಮೂರು ತಿಂಗಳಲ್ಲಿ ವಾಸಿಯಾಗಿ ಇನ್ನೂ ನಾಲ್ಕು ವರ್ಷ ದುಡಿಯಬಹುದಾಗಿದ್ದ ನಾಯಿ ಒಂದೇ ರಾತ್ರಿಗೆ ಶಾಶ್ವತ ಕುಂಟಾಗುತ್ತದೆ.

ಮೊದಲ ದಿನದ ಆರೈಕೆ

ಮುಂದೆ ನಾಯಿ ದುಡಿಯುವುದೋ ಇಲ್ಲವೋ ಎಂಬುದು ಬಹುಪಾಲು ಮೊದಲ ದಿನದ ಆರೈಕೆಯ ಮೇಲೆ ನಿಂತಿದೆ. ಇವಿಷ್ಟು ನೆನಪಿರಲಿ.

1. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ಮುಟ್ಟುವ ಮುನ್ನ ಬಟ್ಟೆಯ ಪಟ್ಟಿಯಿಂದ ಮೂತಿಯನ್ನು ಮೃದುವಾಗಿ ಕಟ್ಟಿ. ವಾಂತಿ ಮಾಡುತ್ತಿದ್ದರೆ, ಉಸಿರಾಟಕ್ಕೆ ತೊಂದರೆಯಿದ್ದರೆ ಅಥವಾ ದವಡೆಗೇ ಪೆಟ್ಟಾಗಿದ್ದರೆ ಕಟ್ಟಬಾರದು.

2. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯನ್ನು ಒತ್ತಿ ಹಿಡಿಯಿರಿ. ಮತ್ತೆ ಮತ್ತೆ ತೆಗೆದು ನೋಡಬೇಡಿ.

3. ನಾಯಿಯನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳದೆ ಹಲಗೆಯ ಮೇಲೆ ಅಥವಾ ಬಿಗಿಯಾಗಿ ಹಿಡಿದ ಗೋಣಿಚೀಲದ ಮೇಲೆ ಮಲಗಿಸಿ ಸಾಗಿಸಿ.

4. ಹಂದಿಯ ಕೋರೆಯ ಗಾಯ ಹೊರಗೆ ಬೆರಳಗಲ ಕಂಡರೂ ಒಳಗೆ ಆಳವಾಗಿರುತ್ತದೆ. ಎದೆಗೆ, ಹೊಟ್ಟೆಗೆ ತಗಲಿದ್ದರೆ ಗಾಯ ಎಷ್ಟೇ ಸಣ್ಣದಾಗಿದ್ದರೂ ಅಂದೇ ಪಶುವೈದ್ಯರಿಗೆ ತೋರಿಸಬೇಕು.

5. ಸೀಮೆಎಣ್ಣೆ, ಸುಣ್ಣ, ಹೊಲಕ್ಕೆ ಹೊಡೆಯುವ ಕೀಟನಾಶಕ, ಇವು ಯಾವುದನ್ನೂ ಗಾಯಕ್ಕೆ ಹಾಕಬೇಡಿ. ಹುಳ ಬಿದ್ದಿದೆಯೆಂದು ಕೀಟನಾಶಕ ಹಾಕಿದರೆ ಹುಳದ ಜೊತೆ ನಾಯಿಯೂ ಸಾಯಬಹುದು.

6. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ. ಎತ್ತಿಗೆ ಕೊಟ್ಟು ಉಳಿದ ಔಷಧವನ್ನೂ ಅಂದಾಜಿನಲ್ಲಿ ಕೊಡಬಾರದು. ನಾಯಿಯ ತೂಕ ನೋಡಿ ವೈದ್ಯರೇ ಅಳತೆ ಹೇಳಬೇಕು.

7. ನರಿ, ಮುಂಗುಸಿ, ಗುರುತಿಲ್ಲದ ನಾಯಿ ಮುಂತಾದವು ಕಚ್ಚಿದ್ದರೆ ಹುಚ್ಚುರೋಗದ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಹಿಂದೆ ಲಸಿಕೆ ಹಾಕಿಸಿದ್ದರೂ ಕೇಳಬೇಕು. ಆರೈಕೆ ಮಾಡುವಾಗ ನಾಯಿ ನಿಮ್ಮನ್ನು ಕಚ್ಚಿದರೆ, ಅಥವಾ ಅದರ ಜೊಲ್ಲು ನಿಮ್ಮ ಕೈಯ ಗಾಯಕ್ಕೆ ತಾಗಿದರೆ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು.

ಪಶು ಆಂಬುಲೆನ್ಸ್‌ಗೆ 1962 ಸಂಖ್ಯೆಗೆ ಕರೆ ಮಾಡಬಹುದು. ಎಕ್ಸ್‌ರೇ ಬೇಕೆಂದು ವೈದ್ಯರು ಹೇಳಿದರೆ ಖರ್ಚೆಂದು ಹಿಂಜರಿಯಬೇಡಿ. ಮೂಳೆ ಮುರಿದಿದೆಯೋ, ಕೀಲು ಜಾರಿದೆಯೋ, ಒಳಗಿನ ಲಿಗಮೆಂಟ್ ಹರಿದಿದೆಯೋ ಎಂಬುದು ತಿಳಿಯದೆ ಮುಂದಿನ ಯಾವ ತೀರ್ಮಾನವೂ ಸರಿಯಾಗದು.

ಯಾವ ಗಾಯ, ಎಷ್ಟು ದಿನ?

ಚರ್ಮದ ಗಾಯ ಸುಲಭ. ಹೊಲಿಗೆಯನ್ನು 10ರಿಂದ 14 ದಿನದಲ್ಲಿ ಬಿಚ್ಚುತ್ತಾರೆ. ಕೀವಾಗದಿದ್ದರೆ ತಿಂಗಳೊಳಗೆ ನಾಯಿ ಮೊದಲಿನಂತಾಗುತ್ತದೆ. ಮೂಳೆಗೆ ಮೇಲೆ ಹೇಳಿದಂತೆ 8ರಿಂದ 12 ವಾರ. ಒಂದು ವರ್ಷದೊಳಗಿನ ಮರಿಗೆ ಇದಕ್ಕಿಂತ ಬೇಗ.

ತೊಡಕಿರುವುದು ಕೀಲಿನ ಗಾಯದಲ್ಲಿ. ನಾಯಿ ಓಡುತ್ತ ಥಟ್ಟನೆ ತಿರುಗುವಾಗ ಹಿಂಗಾಲಿನ ಮಂಡಿಯೊಳಗಿನ ಲಿಗಮೆಂಟ್ ಹರಿಯುವುದುಂಟು. ಹೊರಗೆ ರಕ್ತವಿಲ್ಲ, ಗಾಯವಿಲ್ಲ. ಕಾಲನ್ನು ಎತ್ತಿಕೊಂಡು ಬರುತ್ತದೆ, ಕೆಲವು ವಾರದಲ್ಲಿ ಊರಲೂ ತೊಡಗುತ್ತದೆ. ವಾಸಿಯಾಯಿತೆಂದು ನಾವು ತಿಳಿಯುತ್ತೇವೆ. ಆದರೆ ಮಂಡಿ ಒಳಗೆ ಅಲುಗಾಡುತ್ತಲೇ ಇರುತ್ತದೆ, ಮುಂದೆ ಸಂಧಿವಾತ ಬರುತ್ತದೆ. ಒಂದು ಕಾಲನ್ನು ಉಳಿಸಿಕೊಳ್ಳಲು ಇನ್ನೊಂದರ ಮೇಲೆ ಭಾರ ಹಾಕಿ ಹಾಕಿ ಹಲವು ನಾಯಿಗಳಲ್ಲಿ ಆ ಮಂಡಿಯೂ ಹೋಗುತ್ತದೆ. ಹಗುರ ಮೈಯ ನಾಯಿ ಹೇಗೋ ನಿಭಾಯಿಸುತ್ತದೆ, ಭಾರದ ನಾಯಿಗೆ ಅದು ಆಗದು. ಶಸ್ತ್ರಚಿಕಿತ್ಸೆಯಿದೆ, ಆದರೆ ಅದರ ಬಳಿಕವೂ ಹಲವು ತಿಂಗಳ ವಿಶ್ರಾಂತಿ ಬೇಕು. ಮಂಡಿ ಹೋದ ದೊಡ್ಡ ನಾಯಿಯನ್ನು ಹಂದಿ ಅಟ್ಟುವ ಕೆಲಸದಿಂದ ಬಿಡಿಸುವುದೇ ಸರಿ.

ಕಾಲೇ ಹೋದರೆ? ಮೂರು ಕಾಲಿನ ನಾಯಿ ಮನೆಯಂಗಳದಲ್ಲಿ ಸುಖವಾಗಿ ಬದುಕುತ್ತದೆ. ಆದರೆ ನಾಯಿಯ ಮೈಭಾರದಲ್ಲಿ ಸುಮಾರು 60 ಪಾಲು ಮುಂಗಾಲಿನ ಮೇಲೆ, 40 ಪಾಲು ಹಿಂಗಾಲಿನ ಮೇಲೆ ಬೀಳುತ್ತದೆ. ಹಾಗಾಗಿ ಮುಂಗಾಲು ಹೋದ ನಾಯಿಗೆ ಕಷ್ಟ ಹೆಚ್ಚು. ಒಂದು ಕಣ್ಣು ಹೋದ ನಾಯಿ ಅಂಗಳ ಕಾಯಬಹುದು, ಆದರೆ ಕುರುಡು ಪಕ್ಕದಿಂದ ಬರುವ ಕೋರೆ ಅದಕ್ಕೆ ಕಾಣದು. ಸಿಡಿಮದ್ದಿನಿಂದಲೋ ವಯಸ್ಸಿನಿಂದಲೋ ಕಿವಿ ಮಂದವಾದ ನಾಯಿಯಿಂದ ರಾತ್ರಿ ಕಾವಲು ಆಗದ ಮಾತು.

ಓಟ ನೋಡಿ ಮೋಸಹೋಗಬೇಡಿ

"ಹಂದಿ ಸದ್ದು ಕೇಳಿದರೆ ಮೊದಲಿನ ಹಾಗೇ ಓಡುತ್ತದೆ, ಅದಕ್ಕೇನೂ ಆಗಿಲ್ಲ" ಎಂದು ಹೇಳುವವರುಂಟು. ನಾಯಿಯ ಸ್ವಭಾವ ಅದು. ಆವೇಶ ಬಂದಾಗ ನೋವು ತಿಳಿಯುವುದಿಲ್ಲ. ಯಜಮಾನ ಎದ್ದರೆ ಅದೂ ಏಳುತ್ತದೆ. ಆದ್ದರಿಂದ ನಾಯಿಗೆ ಇಷ್ಟವಿದೆಯೇ ಎಂದು ನೋಡಿ ತೀರ್ಮಾನಿಸಬಾರದು, ಇಷ್ಟ ಸಾಯುವವರೆಗೂ ಇರುತ್ತದೆ. ನೋಡಬೇಕಾದ್ದು ಮರುದಿನ ಬೆಳಿಗ್ಗೆ, ಅದು ಮಲಗಿದ ಜಾಗದಿಂದ ಏಳುವಾಗ.

ಎದ್ದ ಕೂಡಲೇ ಮೈ ಬಿಗಿದಂತೆ ನಿಂತು ನಾಲ್ಕು ಹೆಜ್ಜೆ ಕುಂಟುತ್ತದೆಯೇ? ಸಮ ನೆಲದಲ್ಲಿ ನಡೆಸಿ ಮುಂದಿನಿಂದ ನೋಡಿ. ನೋವಿರುವ ಮುಂಗಾಲು ನೆಲಕ್ಕೆ ಊರಿದಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಊರಿದಾಗ ತಗ್ಗುತ್ತದೆ. ಹಿಂಗಾಲಿನ ನೋವಾದರೆ ಆ ಕಡೆಯ ಸೊಂಟ ಮೇಲಕ್ಕೆದ್ದು ಬೀಳುತ್ತದೆ. ಒಂದು ದಾರ ತೆಗೆದುಕೊಂಡು ಎರಡೂ ತೊಡೆಯ ಸುತ್ತಳತೆ ನೋಡಿ. ಒಂದು ತೊಡೆ ಸಣ್ಣದಾಗಿದ್ದರೆ ನಾಯಿ ಆ ಕಾಲನ್ನು ಬಳಸುತ್ತಿಲ್ಲವೆಂದು ಅರ್ಥ. ಉಗುರುಗಳನ್ನೂ ನೋಡಿ. ಊರದ ಕಾಲಿನ ಉಗುರು ಸವೆಯದೆ ಉದ್ದವಾಗಿರುತ್ತದೆ. ಒಂದೇ ಕೀಲನ್ನು ಸದಾ ನೆಕ್ಕುವುದು, ಮುಟ್ಟಿದರೆ ಗುರುಗುಟ್ಟುವುದು, ಮಕ್ಕಳೊಡನೆ ಸಿಡುಕುವುದು, ಜಗಲಿ ಹತ್ತಲು ಹಿಂಜರಿಯುವುದು, ಇವೆಲ್ಲವೂ ನೋವಿನ ಗುರುತು. ನಾಯಿ ಕುಂಯ್‌ಗುಟ್ಟದಿದ್ದ ಮಾತ್ರಕ್ಕೆ ನೋವಿಲ್ಲವೆಂದು ತಿಳಿಯಬೇಡಿ.

ಹಂತ ಹಂತವಾಗಿ ಪರೀಕ್ಷೆ

ಬೆಳೆ ಮನೆಗೆ ಬಂದ ಮೇಲೆ ಎರಡನೆಯ ಪ್ರಶ್ನೆಯನ್ನು ಕೈಗೆತ್ತಿಕೊಳ್ಳೋಣ. ಗಾಯ ಕೂಡಿದೆ, ನಡೆಸಬಹುದು ಎಂದು ವೈದ್ಯರು ಹೇಳಿದ ಮೇಲಷ್ಟೇ ಈ ಪರೀಕ್ಷೆ.

ಮೊದಲ ವಾರ ಹಗ್ಗ ಹಿಡಿದು ದಿನಕ್ಕೆ ಎರಡು ಸಲ ಹತ್ತು ನಿಮಿಷ ನಡೆಸಿ. ಪ್ರತಿ ವಾರ ಐದು ನಿಮಿಷ ಹೆಚ್ಚಿಸುತ್ತ ಹೋಗಿ. ಅರ್ಧ ಗಂಟೆ ಕುಂಟದೆ ನಡೆದರೆ ಅಂಗಳದಲ್ಲಿ ಬಿಡಿ. ಅದೂ ಸರಿಹೋದರೆ ಹಗಲು ಹೊಲದ ಸುತ್ತು ಹಾಕಿಸಿ, ಉತ್ತ ನೆಲದ ಮೇಲೂ ನಡೆಸಿ. ಕೊನೆಗೆ ಅರ್ಧ ರಾತ್ರಿಯ ಕಾವಲು. ಪ್ರತಿ ಹಂತದ ಮರುದಿನ ಬೆಳಿಗ್ಗೆ ಮೇಲೆ ಹೇಳಿದ ಗುರುತುಗಳನ್ನು ನೋಡಬೇಕು. ಕುಂಟು ಕಂಡರೆ ಒಂದು ಹಂತ ಹಿಂದಕ್ಕೆ ಬಂದು ಒಂದು ವಾರ ಕಾಯಿರಿ. ಹೀಗೆ ಮೂರು ಸಲ ಹಿಂದಕ್ಕೆ ಬರಬೇಕಾದರೆ ನಾಯಿಯ ಮೈಯೇ ಉತ್ತರ ಹೇಳಿದೆ ಎಂದು ತಿಳಿಯೋಣ.

ಈ ಪರೀಕ್ಷೆಯ ದಿನಗಳಲ್ಲಿ ನೋವಿನ ಔಷಧ ಕೊಡುತ್ತಿರಬಾರದು. ಔಷಧ ಕೊಟ್ಟರೆ ಮಾತ್ರ ಕಾವಲಿಗೆ ಹೋಗುವ ನಾಯಿ ಕಾವಲಿಗೆ ಲಾಯಕ್ಕಿಲ್ಲ. ಔಷಧ ನೋವನ್ನು ಮುಚ್ಚುತ್ತದೆ, ಕೀಲನ್ನು ಗಟ್ಟಿ ಮಾಡುವುದಿಲ್ಲ. ಮನೆಯಲ್ಲಿರುವ ನಾಯಿಗೆ ವೈದ್ಯರ ಸಲಹೆಯಂತೆ ಔಷಧ ಕೊಡುವುದು ಬೇರೆ ಮಾತು.

ಮನೆಯವರೆಲ್ಲ ಕುಳಿತು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ನೋವಿಲ್ಲದೆ ಕೆಲಸ ಮಾಡುತ್ತದೆಯೇ?

2. ತಪ್ಪಿಸಿಕೊಳ್ಳಬಲ್ಲುದೇ? ಕಾವಲು ನಾಯಿಗೆ ಎದುರು ನುಗ್ಗುವುದಕ್ಕಿಂತ ಥಟ್ಟನೆ ತಿರುಗುವುದು ಮುಖ್ಯ. ಹಂದಿ ತಿರುಗಿ ಬಿದ್ದಾಗ ಪಕ್ಕಕ್ಕೆ ಹಾರಲಾಗದ ನಾಯಿಗೆ ಎರಡನೆಯ ಪೆಟ್ಟು ಖಂಡಿತ. ಚಿರತೆಗೂ ಕುಂಟುವ ನಾಯಿ ಸುಲಭದ ತುತ್ತು.

3. ವಯಸ್ಸೆಷ್ಟು? ಮೂರು ವರ್ಷದ ನಾಯಿಗಾಗಿ ಆರು ತಿಂಗಳು ಕಾಯುವುದು ಸಾರ್ಥಕ. ಏಳೆಂಟು ವರ್ಷ ದಾಟಿದ ದೊಡ್ಡ ನಾಯಿ ಗಾಯವಿಲ್ಲದಿದ್ದರೂ ಮೆಲ್ಲಗೆ ನಿಧಾನವಾಗುತ್ತಿರುತ್ತದೆ.

4. ಅದನ್ನು ನಂಬಿ ಮನುಷ್ಯರು ಕತ್ತಲಲ್ಲಿ ನಡೆಯಬಹುದೇ?

ಈ ನಾಲ್ಕನೆಯ ಪ್ರಶ್ನೆಯನ್ನು ನಾವು ಬಹಳ ಸಲ ಮರೆಯುತ್ತೇವೆ. ಆನೆಯ ಸುಳಿವನ್ನು ಮೊದಲು ಹಿಡಿಯುವುದು ನಾಯಿ. ಅದು ಸುಮ್ಮನಿದ್ದರೆ ಆನೆಯಿಲ್ಲವೆಂದು ನಂಬಿ ನಾವು ಅಟ್ಟಣೆಯಿಂದ ಇಳಿಯುತ್ತೇವೆ, ನೀರಿನ ಮೋಟಾರು ಹಾಕಲು ಹೋಗುತ್ತೇವೆ. ಕಿವಿ ಮಂದವಾದ ನಾಯಿ ಸುಮ್ಮನಿರುವುದು ಆನೆ ಇಲ್ಲದ್ದಕ್ಕಲ್ಲ, ಕೇಳಿಸದ್ದಕ್ಕೆ. ಇನ್ನು ಕೆಲವು ನಾಯಿಗಳು ಆನೆಯನ್ನು ಕೆಣಕಿ, ಅದು ಅಟ್ಟಿಸಿಕೊಂಡು ಬಂದಾಗ ಯಜಮಾನನ ಕಾಲಡಿಗೆ ಓಡಿ ಬರುತ್ತವೆ. ಕಾಲಿನ ಬಲ ಕಳೆದುಕೊಂಡು ಧೈರ್ಯ ಕುಗ್ಗಿದ ನಾಯಿಯಲ್ಲಿ ಈ ಅಪಾಯ ಹೆಚ್ಚು. ಆಗ ಪ್ರಾಣಕ್ಕೆ ಕುತ್ತು ಬರುವುದು ನಾಯಿಗೊಂದಕ್ಕೇ ಅಲ್ಲ. ಆದ್ದರಿಂದ ಮೊದಲ ಮೂರು ಪ್ರಶ್ನೆಗೆ ಸಮಾಧಾನದ ಉತ್ತರ ಬಂದರೂ ನಾಲ್ಕನೆಯದಕ್ಕೆ "ಇಲ್ಲ" ಎಂದಾದರೆ ನಾಯಿಯನ್ನು ರಾತ್ರಿ ಕಾವಲಿನಿಂದ ಬಿಡಿಸಲೇಬೇಕು.

ತೀರ್ಮಾನ ಹೇಳುವವರು ಯಾರು? ರಾತ್ರಿ ಅದರ ಜೊತೆ ಕಾವಲಿಗೆ ಹೋಗುವವರು, ಅದಕ್ಕೆ ಊಟ ಹಾಕುವ ಮನೆಯ ಹೆಂಗಸರು, ಪಶುವೈದ್ಯರು, ಈ ಮೂವರ ಮಾತೂ ಬೇಕು. ಬೆಳಿಗ್ಗೆ ನಾಯಿ ಹೇಗೆ ಏಳುತ್ತದೆಂದು ನೋಡಿರುವುದು ಒಲೆ ಹಚ್ಚಲು ಮೊದಲೆದ್ದ ಅಮ್ಮನೋ ಅಜ್ಜಿಯೋ. ಅವರನ್ನು ಕೇಳದೆ ಮಾಡಿದ ತೀರ್ಮಾನ ಅರ್ಧ ತೀರ್ಮಾನವೇ.

ಹೊಲ ಬಿಡಿಸಿದ ಮೇಲೆ

ಕಾವಲಿನಿಂದ ಬಿಡಿಸುವುದೆಂದರೆ ಮನೆಯಿಂದ ಹೊರಗೆ ಹಾಕುವುದಲ್ಲ. ಸಂತೆಯಲ್ಲಿ ಬಿಟ್ಟು ಬರುವುದು, ಘಾಟಿ ರಸ್ತೆಯಲ್ಲಿ ಇಳಿಸಿ ಬರುವುದು ಕ್ರೌರ್ಯವಷ್ಟೇ ಅಲ್ಲ, ಅಪರಾಧವೂ ಹೌದು. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ಕಲಮು ಅಪರಾಧವೆಂದು ಹೇಳುತ್ತದೆ. ಗಿಡ್ಡ ಸರಪಳಿಯಲ್ಲಿ ಹೊತ್ತು ಮೀರಿ ಕಟ್ಟಿಹಾಕುವುದೂ ಅದೇ ಕಲಮಿನಡಿ ಬರುತ್ತದೆ.

ದುಡಿದ ನಾಯಿಗೆ ಒಮ್ಮೆಲೇ ಕೆಲಸ ತಪ್ಪಿಸಿದರೆ ಅದು ಕಂಗಾಲಾಗುತ್ತದೆ. ಬೇರೆ ನಾಯಿಗಳು ಹೊಲಕ್ಕೆ ಹೊರಟಾಗ ಹಗ್ಗ ಕಡಿದುಕೊಂಡು ಹಿಂದೆ ಓಡುತ್ತದೆ. ಆದ್ದರಿಂದ ಸಂಜೆ ದೀಪ ಹಚ್ಚುವ ಹೊತ್ತಿಗೆ ಊಟ ಹಾಕಿ ಬಾಗಿಲಿರುವ ಕೊಟ್ಟಿಗೆಯೊಳಗೆ ಸೇರಿಸುವ ರೂಢಿ ಮಾಡಿ. ಇದರಿಂದ ಚಿರತೆಯ ಭಯವೂ ತಪ್ಪುತ್ತದೆ. ಹಗಲು ಅದಕ್ಕೆ ಹಗುರವಾದ ಕೆಲಸವಿರಲಿ: ಕಣದಲ್ಲಿ ಒಣಹಾಕಿದ ಕಾಳನ್ನು ಕಾಯುವುದು, ಅಂಗಳದ ಕೋಳಿಗಳ ಮೇಲೆ ಕಣ್ಣಿಡುವುದು, ಬಂದವರ ಸುಳಿವು ಕೊಡುವುದು. ಹೊಸ ಮರಿ ತರುವುದಾದರೆ ಹಳೆಯ ನಾಯಿ ಇರುವಾಗಲೇ ತನ್ನಿ. ಹಗಲು ಹೊಲದ ಸುತ್ತು ಹಾಕುವಾಗ ಎರಡೂ ಜೊತೆಗಿರಲಿ. ಯಾವ ಸದ್ದಿಗೆ ಬೊಗಳಬೇಕು, ಯಾವುದಕ್ಕೆ ದೂರ ನಿಲ್ಲಬೇಕು ಎಂಬುದನ್ನು ಮರಿ ದೊಡ್ಡದನ್ನು ನೋಡಿ ಕಲಿಯುತ್ತದೆ.

ಊಟದ ವಿಚಾರ. ದುಡಿಯುವಾಗ ಹಾಕುತ್ತಿದ್ದಷ್ಟೇ ಮುದ್ದೆಯನ್ನು ಈಗಲೂ ಹಾಕಿದರೆ ಮೈ ಬೆಳೆದು ನೊಂದ ಕೀಲಿನ ಮೇಲೆ ಭಾರ ಬೀಳುತ್ತದೆ. ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬು ಕೈಗೆ ತಿಳಿಯಬೇಕು. ತಿಳಿಯದಿದ್ದರೆ ಮುದ್ದೆ ಕಡಿಮೆ ಮಾಡಿ. ಈರುಳ್ಳಿ ಬೆಂದ ಸಾರನ್ನು ಹಾಕಬೇಡಿ, ಅದು ನಾಯಿಯ ರಕ್ತ ಕೆಡಿಸುತ್ತದೆ. ನೆಲದ ಥಂಡಿ ತಾಗದಂತೆ ಗೋಣಿಚೀಲದೊಳಗೆ ಒಣ ಹುಲ್ಲು ತುಂಬಿ ಹಾಸಿ, ಮಳೆಗಾಲದಲ್ಲಿ ಆಗಾಗ ಬದಲಿಸಿ. ದಿನಾ ಸ್ವಲ್ಪ ನಡೆಸಿ, ಸವೆಯದ ಉಗುರನ್ನು ಕತ್ತರಿಸಿ. ಹುಚ್ಚುರೋಗದ ವಾರ್ಷಿಕ ಲಸಿಕೆಯನ್ನು ಕೆಲಸ ಬಿಟ್ಟಿತೆಂದು ನಿಲ್ಲಿಸಬಾರದು. ಮಕ್ಕಳು ಅದರ ಜೊತೆ ಹೆಚ್ಚು ಹೊತ್ತು ಇರುವುದು ಈಗಲೇ.

ನೋವು ತಗ್ಗದೇ ಹೋದರೆ

ಕೆಲವು ಗಾಯಗಳಿಗೆ ವಿಶ್ರಾಂತಿಯೂ ಔಷಧವೂ ಸಾಲುವುದಿಲ್ಲ. ಬೆನ್ನುಹುರಿ ಕಡಿದು ಮಲಮೂತ್ರದ ಹಿಡಿತ ತಪ್ಪಿ ಹುಣ್ಣಾದ ನಾಯಿ, ದವಡೆ ಛಿದ್ರವಾಗಿ ತಿನ್ನಲಾಗದ ನಾಯಿ ಹಗಲಿರುಳು ನರಳುತ್ತವೆ. ಚೇತರಿಸುವ ದಾರಿಯಿಲ್ಲವೆಂದು ವೈದ್ಯರು ಹೇಳಿದರೆ ಸೂಜಿ ಮದ್ದಿನಿಂದ ನೋವಿಲ್ಲದೆ ಕಣ್ಣು ಮುಚ್ಚಿಸುವ ಕ್ರಮವಿದೆ. ಅದನ್ನು ವೈದ್ಯರೇ ಮಾಡಬೇಕು. ಅನ್ನದಲ್ಲಿ ವಿಷ ಬೆರೆಸುವುದು, ನೇಣು ಹಾಕುವುದು ಎಂದಿಗೂ ಕೂಡದು. ವಿಷವಿಟ್ಟ ಅನ್ನವನ್ನು ಇನ್ನೊಂದು ನಾಯಿಯೋ ಕೋಳಿಯೋ ತಿಂದೀತು, ಮಗುವಿನ ಕೈಗೂ ಸಿಕ್ಕೀತು. ಮಕ್ಕಳಿಗೆ "ಎಲ್ಲೋ ಓಡಿಹೋಯಿತು" ಎಂದು ಸುಳ್ಳು ಹೇಳಬೇಡಿ. ಅವರು ದಿನಾ ದಾರಿ ಕಾಯುತ್ತಾರೆ. ನಿಜ ಹೇಳಿದರೆ ಎರಡು ದಿನ ಅತ್ತು ಸಮಾಧಾನವಾಗುತ್ತಾರೆ.

ಈಗಲೇ ಮಾಡಬಹುದಾದ್ದು

ನಿಮ್ಮ ಮನೆಯ ನಾಯಿಗೆ ಇಂದು ಯಾವ ಗಾಯವೂ ಇಲ್ಲದಿರಬಹುದು. ಹಾಗಿದ್ದರೆ ಈ ವಾರ ಮೂರು ಕೆಲಸ ಮಾಡಿ. ಅದರ ಎರಡೂ ತೊಡೆಯ ಅಳತೆಯನ್ನು ದಾರದಲ್ಲಿ ಹಿಡಿದು, ದಾರವನ್ನು ಗಂಟು ಹಾಕಿ ಎತ್ತಿಡಿ. ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ. ಲಸಿಕೆ ಹಾಕಿಸಿದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಚಿರತೆಯ ಭಯವಿರುವ ಕಡೆ ಕೊರಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ಹಾಕಿ. ಚಿರತೆ ಬಾಯಿ ಹಾಕುವುದು ಕುತ್ತಿಗೆಗೆ.

ಗಾಯವಾದ ನಾಯಿ ಮನೆಯಲ್ಲಿದ್ದರೆ, ಬೆಳೆಯ ಅವಸರದಲ್ಲಿ ಅದರ ಹಗ್ಗ ಬಿಚ್ಚಬೇಡಿ. ಈ ವರ್ಷದ ಬೆಳೆಯನ್ನು ನೆರೆಹೊರೆಯವರ ಜೊತೆ ಸೇರಿ ಕಾಯ್ದುಕೊಳ್ಳಬಹುದು. ಒಳ್ಳೆಯ ಕಾವಲು ನಾಯಿ ತಯಾರಾಗಲು ಎರಡು ಮೂರು ವರ್ಷ ಬೇಕು. ಮೂರು ತಿಂಗಳು ಅದಕ್ಕಾಗಿ ಕಾಯುವುದು ರೈತನಿಗೆ ನಷ್ಟದ ಲೆಕ್ಕವಲ್ಲ.